ಅಪರೂಪಕ್ಕೊಮ್ಮೆ ಮಾತ್ರ ಕೊಡ್ತೀವಿ, ಆದರೂ ಹಠ ಯಾಕೆ ಹೆಚ್ಚಾಗುತ್ತೆ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗ ಮೊಬೈಲ್‌ಗಾಗಿ ಹಠ ಮಾಡುತ್ತಾನೆ. ಹತ್ತು ಸಲ ಅತ್ತರೆ ಒಂದೆರಡು ಸಲ, ಅದೂ ನಮಗೆ ಸಾಕಾಗಿ ಹೋದಾಗ ಮಾತ್ರ ಕೊಡುತ್ತೇವೆ. ಉಳಿದಂತೆ ಇಲ್ಲ ಅಂದರೆ ಇಲ್ಲ. ಆದರೂ ಹಠ ಜಾಸ್ತಿಯೇ ಆಗುತ್ತಿದೆ. ಯಾಕೆ?

ಉತ್ತರ: ಆ ಒಂದೆರಡು ಸಲವೇ ಕಾರಣ. ಅತ್ತಾಗಲೆಲ್ಲ ಕೊಟ್ಟಿದ್ದರೆ ಈ ಹಠ ಬಿಡಿಸುವುದು ಬಹುಶಃ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಇದನ್ನು ಮೊದಲು ತೋರಿಸಿಕೊಟ್ಟಿದ್ದು ಇಲಿಗಳು. ವರ್ತನಾವಾದಿ (ಅಂದರೆ ಹೊರಗೆ ಕಾಣುವ ನಡವಳಿಕೆಯನ್ನು ಅಧ್ಯಯನ ಮಾಡುವ) ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರಯೋಗ ಮಾಡುತ್ತಿದ್ದರು. ಪೆಟ್ಟಿಗೆಯೊಳಗಿನ ಲಿವರ್ (ಸನ್ನೆಕೋಲು) ಒತ್ತಿದರೆ ಇಲಿಗೆ ಒಂದು ಗುಳಿಗೆಯಷ್ಟು ಆಹಾರ ಬೀಳುತ್ತಿತ್ತು. ಆ ಗುಳಿಗೆಗಳನ್ನು ಅವರೇ ಕೂತು ಮಾಡಬೇಕಿತ್ತು. ಎಂಟು ಇಲಿ, ದಿನಕ್ಕೆ ತಲಾ 100 ಗುಳಿಗೆ! ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿದರೆ, ಇದ್ದದ್ದೆಲ್ಲ ಸೋಮವಾರ ಬೆಳಿಗ್ಗೆ 10.30ಕ್ಕೆ ಖಾಲಿ. ರಾತ್ರಿವರೆಗೂ ಗುಳಿಗೆ ಮಾಡುತ್ತಾ ಕೂರಲು ಅವರಿಗೆ ಮನಸ್ಸಿರಲಿಲ್ಲ. ಎಷ್ಟು ಸಲ ಒತ್ತಿದರೂ ನಿಮಿಷಕ್ಕೊಂದೇ ಗುಳಿಗೆ ಅಂತ ಬದಲಾಯಿಸಿದರು. ಇಲಿಗಳೇನೂ ಬೇಸತ್ತು ಬಿಡಲಿಲ್ಲ, ಒಂದೇ ಸಮನೆ ಒತ್ತುತ್ತಲೇ ಹೋದವು. ಈ ಕಥೆಯನ್ನು 1956ರಲ್ಲಿ ಸ್ಕಿನ್ನರ್ ಅವರೇ ಬರೆದಿದ್ದಾರೆ.

ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಆಹಾರ ಪೂರ್ತಿ ನಿಲ್ಲಿಸಿದರೆ, ಪ್ರತಿ ಸಲ ಸಿಕ್ಕು ಅಭ್ಯಾಸವಾದ ಪ್ರಾಣಿ ಬೇಗ ಒತ್ತುವುದನ್ನು ಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಸಿಕ್ಕದ್ದು ಮಾತ್ರ ಬಹಳ ಹೊತ್ತು ಬಿಡುವುದಿಲ್ಲ. ಯೋಚಿಸಿದರೆ ಸಹಜವೇ. ಸದಾ ಸಿಗುತ್ತಿದ್ದದ್ದು ನಿಂತರೆ ತಕ್ಷಣ ತಿಳಿಯುತ್ತದೆ. ಅಪರೂಪಕ್ಕೆ ಸಿಗುತ್ತಿದ್ದದ್ದು ನಿಂತಿದೆಯೋ, ಇನ್ನೇನು ಬರಲಿದೆಯೋ, ಹೇಗೆ ಗೊತ್ತಾಗಬೇಕು? ಜೂಜಿನ ಯಂತ್ರದ ಮುಂದೆ ಕೂತವರು ಏಳದಿರುವುದೂ ಇದಕ್ಕೇ.

ನಿಮ್ಮ ಮನೆಯಲ್ಲಿ ಇನ್ನೂ ಒಂದು ನಡೆಯುತ್ತಿರಬಹುದು. ಮೊದಲು ಐದು ನಿಮಿಷದ ಅಳುವಿಗೆ ಸೋತಿರುತ್ತೀರಿ. ಆಮೇಲೆ ಗಟ್ಟಿ ಮನಸ್ಸು ಮಾಡಿ ಹತ್ತು ನಿಮಿಷ ತಡೆದು, ಕೊನೆಗೆ ಕೊಟ್ಟಿರುತ್ತೀರಿ. ಹಾಗಾದರೆ ಮಗು ಕಲಿತದ್ದೇನು? ಹತ್ತು ನಿಮಿಷ ಅಳಬೇಕು ಅಂತ. ನಿಮಗೂ ಪಾಠ ಆಗುತ್ತಿದೆ. ಮೊಬೈಲ್ ಕೊಟ್ಟ ಕೂಡಲೇ ಕಿರುಚಾಟ ನಿಲ್ಲುತ್ತದೆ, ತಲೆನೋವು ತಪ್ಪುತ್ತದೆ. ಹೀಗೆ ಕಿರಿಕಿರಿ ತಪ್ಪಿದ್ದರಿಂದ ಒಂದು ನಡವಳಿಕೆ ಗಟ್ಟಿಯಾಗುವುದಕ್ಕೆ ಋಣಾತ್ಮಕ ಪುನರ್ಬಲನ ಅನ್ನುತ್ತಾರೆ. ಪಠ್ಯಪುಸ್ತಕ ಓದಿದವರೂ ಇದನ್ನು ಶಿಕ್ಷೆ ಅಂದುಕೊಳ್ಳುವುದುಂಟು. ಶಿಕ್ಷೆಯಲ್ಲ, ಶಿಕ್ಷೆಯಿಂದ ನಡವಳಿಕೆ ಕಡಿಮೆಯಾಗಬೇಕು. ಇಲ್ಲಿ ಸೋಲುವ ನಿಮ್ಮ ಅಭ್ಯಾಸ ಹೆಚ್ಚಾಗುತ್ತಿದೆ.

ಈಗ ಏನು ಮಾಡೋದು? ಕೊಡುವುದಿದ್ದರೆ ಅಳು ಶುರುವಾಗುವ ಮೊದಲೇ, ನೆಟ್ಟಗೆ ಕೇಳಿದಾಗ ಕೊಡಿ. ಅಳುವಿಗೆ ಮಾತ್ರ ಯಾವತ್ತೂ ಬೇಡ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು, ಒಬ್ಬರು ಕದ್ದು ಕೊಟ್ಟರೂ ಕೆಟ್ಟಿತು. ಶುರುವಿನಲ್ಲಿ ಅಳು ಮೊದಲಿಗಿಂತ ಜೋರಾಗಬಹುದು, ಲಿವರ್ ಕೆಲಸ ಮಾಡದಿದ್ದಾಗ ಇಲಿಯೂ ಇನ್ನಷ್ಟು ಒತ್ತುತ್ತದೆ. ಬಹಳ ಜನ ಕೈಚೆಲ್ಲುವುದು ಇಲ್ಲೇ. ಆಗ ಸೋತರೆ ಅತಿ ಜೋರಿನ ಅಳುವಿಗೇ ಬಹುಮಾನ ಕೊಟ್ಟಂತೆ.

ಒಂದು ಮಾತು. ವರ್ತನಾವಾದ ಮುಖ್ಯವಾಗಿ ಹೊರಗೆ ಕಾಣುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದು ಅದರ ಮಿತಿಯೂ ಹೌದು. ಮಗು ಬೇಕಂತಲೇ ಆಟ ಕಟ್ಟುತ್ತಿದೆ ಅಂತ ಇದರ ಅರ್ಥವಲ್ಲ. ಹಸಿವು, ನಿದ್ದೆ, ನೋವು, ಭಯಕ್ಕೆ ಅಳುತ್ತಿದ್ದರೆ ಈ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಎತ್ತಿಕೊಳ್ಳಿ. ಸುಮ್ನೆ ಮೊಬೈಲ್‌ಗಾಗಿ ಅತ್ತರೂ ಪಕ್ಕದಲ್ಲೇ ಇರಬಹುದು, ಸಮಾಧಾನ ಮಾಡಬಹುದು. ಮೊಬೈಲ್ ಕೈಗೆ ಬರಬಾರದು, ಅಷ್ಟೇ. ಇನ್ನು, ನಿಂತೇ ಹೋಯಿತು ಅಂದುಕೊಂಡ ಹಠ ಕೆಲವು ದಿನ ಬಿಟ್ಟು ಮತ್ತೆ ತಲೆ ಎತ್ತಬಹುದು. ಪ್ರಯೋಗಾಲಯದಲ್ಲೂ ಹೀಗೇ ಆಗುತ್ತದೆ. ಆಗಲೂ ಕೊಡದಿದ್ದರೆ ಈ ಸಲ ಇನ್ನೂ ಬೇಗ ಇಳಿಯುತ್ತದೆ.