ಹಳೇ ಕಾರ್ಖಾನೆ ಸಾಫ್ಟ್‌ವೇರ್‌ಗೆ ಹೊಸ ಸ್ಕ್ರೀನ್: ಅಧ್ಯಯನ ಟಿಪ್ಪಣಿ

ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ನೋಡುವ ಸ್ಕ್ರೀನ್‌ಗೆ ಎಚ್‌ಎಂಐ ಅಂತಾರೆ. ಯಂತ್ರ ಓಡಿಸುವುದು ಪಿಎಲ್‌ಸಿ ಎಂಬ ಕಾರ್ಖಾನೆಯ ಪುಟ್ಟ ಕಂಪ್ಯೂಟರ್. ಅದು ಹೇಳಿದ್ದನ್ನು ಎಚ್‌ಎಂಐ ತೋರಿಸುತ್ತದೆ, ಆಪರೇಟರ್ ಒತ್ತಿದ್ದನ್ನು ಅದಕ್ಕೆ ಮುಟ್ಟಿಸುತ್ತದೆ. ಯಂತ್ರ ಬಾಳಿದಷ್ಟು ಕಾಲ ಸಾಫ್ಟ್‌ವೇರ್ ಬಾಳುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 2014ರಲ್ಲಿ, ಅದನ್ನೇ ನಂಬಿದ್ದ ಯಂತ್ರಗಳು ಆಮೇಲೂ ಓಡಿದವು.

ವೆಬ್ ಡಿಸೈನ್ ಕಲಿತು ಬಂದವರಿಗೆ ಮೊದಲು ಚುಚ್ಚುವುದು ಹಳೇ ಸ್ಕ್ರೀನ್‌ನ ಬಣ್ಣ. ಓಡುವ ಪಂಪಿಗೆ ಹಸಿರು, ನಿಂತದ್ದಕ್ಕೆ ಕೆಂಪು, ಜೊತೆಗೆ ಸುಮ್ನೆ ತಿರುಗುವ ಫ್ಯಾನಿನ ಚಿತ್ರ. ಆದರೆ ಸ್ಟ್ಯಾಂಡ್‌ಬೈ ಪಂಪು ನಿಂತೇ ಇರಬೇಕು ಅಲ್ವಾ? ಅದಕ್ಕೇಕೆ ಕೆಂಪು? ಎಲ್ಲ ಸರಿಯಿದ್ದಾಗ ಸ್ಕ್ರೀನ್ ಬೂದು ಬಣ್ಣದಲ್ಲಿ ಸಪ್ಪಗಿರಲಿ. ಏನಾದರೂ ಕೆಟ್ಟಾಗ ಮಾತ್ರ ಬಣ್ಣ ಬರಲಿ, ಜೊತೆಗೆ ಒಂದು ಆಕಾರವೋ ಅಕ್ಷರವೋ ಇರಲಿ. ಕೆಂಪು–ಹಸಿರು ಬೇರೆಬೇರೆಯಾಗಿ ಕಾಣದವರೂ ಶಿಫ್ಟಿನಲ್ಲಿರುತ್ತಾರೆ. ಡೆಮೊದಲ್ಲಿ ಇಂಥ ಸ್ಕ್ರೀನ್ ಯಾರಿಗೂ ಇಷ್ಟವಾಗದಿರಬಹುದು, ಅದು ಬೇರೆ ಮಾತು.

ಬರೀ ‘72’ ಅಂತ ತೋರಿಸಿದರೆ ಅದು ಜಾಸ್ತಿಯೋ ಕಮ್ಮಿಯೋ ಗೊತ್ತಾಗದು. ಪಕ್ಕದಲ್ಲಿ ಚಿಕ್ಕ ಪಟ್ಟಿಯಿಟ್ಟು, ಇರಬೇಕಾದ ಮಿತಿ ಗುರುತಿಸಿ, ಕಳೆದ ಒಂದು ಗಂಟೆಯ ಏರಿಳಿತದ ಗೆರೆ ಎಳೆದರೆ ಮಿತಿ ದಾಟುವ ಮುಂಚೆಯೇ ಕಣ್ಣಿಗೆ ಬೀಳುತ್ತದೆ.

ಇದೆಲ್ಲ ಎಷ್ಟು ಮುಖ್ಯ ಅನ್ನೋದಕ್ಕೆ 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ಟೆಕ್ಸಾಕೊ ರಿಫೈನರಿ ಸ್ಫೋಟಗೊಂಡದ್ದನ್ನು ನೋಡಿ. ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದವು. ಇಡೀ ಘಟಕದ ಸ್ಥಿತಿಯನ್ನು ಒಟ್ಟಿಗೆ ತೋರಿಸುವ ಸ್ಕ್ರೀನ್ ಇರಲಿಲ್ಲ. ಮುಚ್ಚಿದ್ದ ಒಂದು ವಾಲ್ವ್ ತೆರೆದಿದೆ ಎಂದೇ ಸಿಸ್ಟಂ ತೋರಿಸುತ್ತಿತ್ತು. ಆಮೇಲೆ 1999ರಲ್ಲಿ ಬಂದ ಈಮುವಾ 191 ಎಂಬ ಅಲಾರಂ ವ್ಯವಸ್ಥೆಗಳ ಮಾರ್ಗಸೂಚಿ, ಸಾಮಾನ್ಯ ದಿನದಲ್ಲಿ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಅಲಾರಂ ಬರಬಾರದು ಎನ್ನುತ್ತದೆ.

ಆ ವಾಲ್ವಿನ ವಿಷಯವನ್ನು ನಾವು ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಬೇಕು. ಮೊಬೈಲ್ ಆ್ಯಪ್‌ನಲ್ಲಿ ಲೈಕ್ ಒತ್ತಿದರೆ ಸರ್ವರ್ ಉತ್ತರಕ್ಕೆ ಕಾಯದೆ ಗುಂಡಿ ಬಣ್ಣ ಬದಲಿಸುತ್ತದೆ. ಇಲ್ಲಿ ಆ ಜಾಣತನ ಬೇಡ. ‘ತೆರೆ’ ಒತ್ತಿದ ಮೇಲೆ ಸ್ಕ್ರೀನ್ ‘ತೆರೆಯುತ್ತಿದೆ’ ಅನ್ನಲಿ. ವಾಲ್ವ್ ನಿಜಕ್ಕೂ ಪೂರ್ತಿ ತೆರೆದಾಗ ಒತ್ತಿಕೊಳ್ಳುವ ಲಿಮಿಟ್ ಸ್ವಿಚ್ ಹೇಳಿದ ಮೇಲೆ ಮಾತ್ರ ‘ತೆರೆದಿದೆ’ ಅನ್ನಲಿ. ಗೊತ್ತು ಮಾಡಿದ ಸಮಯದೊಳಗೆ ಆ ಸುದ್ದಿ ಬರದಿದ್ದರೆ ಅಲಾರಂ. ನೆಟ್‌ವರ್ಕ್ ಕಡಿದರೆ ಕೊನೆಯ ಅಂಕಿಯನ್ನೇ ಹೊಸದೆಂಬಂತೆ ತೋರಿಸಬಾರದು. ಕಾರ್ಖಾನೆಯ ಯಂತ್ರಗಳೂ ಸಾಫ್ಟ್‌ವೇರ್‌ಗಳೂ ಮಾಹಿತಿ ಹಂಚಿಕೊಳ್ಳುವ ಒಪಿಸಿ ಯುಎ ಎಂಬ ಪದ್ಧತಿಯಲ್ಲಿ ಪ್ರತಿ ಅಂಕಿಯ ಜೊತೆ ಅದು ನಂಬುವಂಥದ್ದೇ, ಯಾವ ಹೊತ್ತಿನದ್ದು ಅನ್ನೋ ಗುರುತೂ ಬರುತ್ತದೆ. ಅದನ್ನು ಬಿಸಾಡದೆ ಸ್ಕ್ರೀನ್‌ಗೆ ತನ್ನಿ.

ಹಳೇ ಸ್ಕ್ರೀನ್ ಕಿತ್ತುಹಾಕುವ ಮುಂಚೆ ಒಂದು ರಾತ್ರಿ ಶಿಫ್ಟ್ ಆಪರೇಟರ್ ಹಿಂದೆ ಕೂತು ನೋಡಿ. ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಗಳನ್ನೂ ಓದಿ, ಸಾಫ್ಟ್‌ವೇರ್‌ನಲ್ಲಿ ಇಲ್ಲದ್ದೆಲ್ಲ ಅಲ್ಲೇ ಇರುತ್ತದೆ. ಹೊಸದನ್ನು ಮೊದಲು ಬರೀ ನೋಡುವುದಕ್ಕಷ್ಟೇ ಹಳೆಯದರ ಪಕ್ಕ ಓಡಿಸಿ. ಎರಡರ ಅಂಕಿಗಳೂ ತಾಳೆಯಾದ ಮೇಲೆ ಒಂದೊಂದೇ ಘಟಕದ ನಿಯಂತ್ರಣ ಕೊಡಿ. ಎಮರ್ಜೆನ್ಸಿ ಸ್ಟಾಪ್ ಮಾತ್ರ ಯಾವತ್ತೂ ತಂತಿ ಹಾಕಿದ ನಿಜವಾದ ಗುಂಡಿಯಾಗಿಯೇ ಇರಲಿ, ಟಚ್‌ಸ್ಕ್ರೀನ್‌ಗೆ ತರಬೇಡಿ.