ವಾರಕ್ಕೆ 12 ಗಂಟೆ ಪಾಠ, ಜೊತೆಗೆ ಡಿಸೈನ್ ಕೆಲಸ: ಒಂದನ್ನು ಬಿಡಲೇಬೇಕೇ?

ಪ್ರಶ್ನೆ: ಕಲಬುರಗಿಯ ಕಾಲೇಜೊಂದರಲ್ಲಿ ದೃಶ್ಯಕಲೆಯ ಅತಿಥಿ ಉಪನ್ಯಾಸಕಿ ನಾನು. ವಾರಕ್ಕೆ 12 ಗಂಟೆ ಪಾಠ. ಉಳಿದ ಹೊತ್ತಿನಲ್ಲಿ ಬೆಂಗಳೂರು, ಹೈದರಾಬಾದಿನವರಿಗೆ ಪುಸ್ತಕದ ಮುಖಪುಟ, ಪೋಸ್ಟರ್ ಮಾಡಿಕೊಡುತ್ತೇನೆ. ಎರಡೂ ಅರೆಬರೆಯಾಗುತ್ತಿವೆ. ಒಂದನ್ನು ಬಿಡಲೇಬೇಕೇ?

ಉತ್ತರ: ಬಿಡಬೇಕಿಲ್ಲ. ಬಿಡಬೇಕಾದ್ದು ‘12 ಗಂಟೆ’ ಎಂಬ ಲೆಕ್ಕವನ್ನು. ಅದರಲ್ಲಿ ಆರು ಗಂಟೆ ಥಿಯರಿ, ಆರು ಗಂಟೆ ಸ್ಟುಡಿಯೊ (ಪ್ರಾಯೋಗಿಕ ಪಾಠ) ಎಂದುಕೊಳ್ಳಿ. ಹೊಸ ಪತ್ರಿಕೆಯಾದರೆ (ಎಂದರೆ ಹೊಸ ಪಠ್ಯವಿಷಯ) ಥಿಯರಿಯ ಒಂದು ಗಂಟೆಗೆ ಎರಡು ಗಂಟೆ ತಯಾರಿ ಬೇಕು, ಅಂದರೆ 12 ಗಂಟೆ. ಸ್ಟುಡಿಯೊಗೆ ಇನ್ನೆರಡು. ಪಾಠದ 12 ಸೇರಿ ಅಲ್ಲಿಗೆ 26 ಆಯಿತು. ಅಸೈನ್‌ಮೆಂಟ್ ಬಂದ ವಾರ 30 ವಿದ್ಯಾರ್ಥಿಗಳಿಗೆ ತಲಾ 15 ನಿಮಿಷ ಹಿಡಿದರೂ ಮತ್ತೆ ಏಳೂವರೆ ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ಪಾಠವೊಂದಕ್ಕೆ 1500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಹೇಳಿತ್ತು. ಅಷ್ಟೂ ಕೈಗೆ ಬಂದರೂ ಹೊಸ ಥಿಯರಿ ಪಾಠದಲ್ಲಿ (ಪಾಠ ಒಂದು ಗಂಟೆ, ತಯಾರಿ ಎರಡು) ನಿಮ್ಮ ದುಡಿಮೆಗೆ ಬೀಳುವುದು ಗಂಟೆಗೆ 500. ಡಿಸೈನ್ ಕೆಲಸಕ್ಕೆ ದರ ಹೇಳುವಾಗ ಇದು ನೆನಪಿರಲಿ.

ಅದೇ ಪತ್ರಿಕೆ ಎರಡನೇ ಸಲ ಬಂದಾಗ ಥಿಯರಿಯ ಒಂದು ಗಂಟೆಗೆ ಬೇಕಾದ ತಯಾರಿ ಅರ್ಧ ಗಂಟೆಗೆ ಇಳಿದು, ಒಟ್ಟು 26 ಇದ್ದದ್ದು 17 ಆಗುತ್ತದೆ. ಆದ್ದರಿಂದ ವಿಭಾಗದ ಮುಖ್ಯಸ್ಥರನ್ನು ಕೇಳಬೇಕಾದ ಮೊದಲ ಮಾತು ಸಂಬಳದ್ದಲ್ಲ: ‘ಇದೇ ಪತ್ರಿಕೆ ಎರಡು ವರ್ಷ ನನಗೇ ಇರಲಿ ಸರ್’ ಎಂಬುದು. ಪ್ರತಿ ಸೆಮಿಸ್ಟರಿಗೂ ಹೊಸ ಪತ್ರಿಕೆ ಒಪ್ಪಿಕೊಳ್ಳುವವರೇ ಹೆಚ್ಚಾಗಿ ಸೋಲುವುದು. ಎರಡನೆಯ ಮಾತು ವೇಳಾಪಟ್ಟಿಯದು. ಪಾಠಗಳೆಲ್ಲ ಮೂರು ದಿನದೊಳಗೆ ಬರಲಿ, ಸ್ಟುಡಿಯೊ ಮೂರು ಮೂರು ಗಂಟೆಯ ಎರಡೇ ಪಟ್ಟಾಗಿರಲಿ, ಬಿಡುವಿನ ಎರಡು ದಿನ ಒಟ್ಟಿಗೆ ಸಿಗಲಿ. ಎರಡು ಪಿರಿಯಡ್ ನಡುವಿನ ಒಂದು ಗಂಟೆಯಲ್ಲಿ ಮುಖಪುಟದ ಕಲ್ಪನೆ ಹುಟ್ಟುವುದಿಲ್ಲ. ಬಿಲ್ ಬರೆಯಬಹುದು, ಮೇಲ್‌ಗೆ ಉತ್ತರಿಸಬಹುದು. ನಗರದಿಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಓಡಾಡುವವರು ಆಳಂದ ರಸ್ತೆಯ ಹೊತ್ತನ್ನೂ ಪಾಠದ ಲೆಕ್ಕಕ್ಕೇ ಹಾಕಬೇಕು.

ತಯಾರಿ ಕಡಿಮೆಯಾಗಲು ಇನ್ನೊಂದು ದಾರಿ ನಿಮ್ಮ ಮುಗಿದ ಕೆಲಸವೇ. ಅಚ್ಚಾಗಿ ಹೊರಬಂದ ಒಂದು ಮುಖಪುಟ ಮೂರು ಪಾಠಕ್ಕೆ ಸಾಕು: ಪ್ರಕಾಶಕರು ಕೇಳಿದ್ದೇನು, ತಿರಸ್ಕೃತವಾದ ಕರಡುಗಳು ಯಾವುವು ಮತ್ತು ಏಕೆ, ಪ್ರೆಸ್ಸಿಗೆ ಹೋದ ಫೈಲ್ ಹೇಗಿತ್ತು. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಚಿತ್ರ), ಸಿಎಂವೈಕೆ ಬಣ್ಣ (ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕ), 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಎಂಬುದನ್ನು ಹಲಗೆಯ ಮೇಲೆ ಬರೆದು ಹೇಳುವುದಕ್ಕಿಂತ, ಬ್ಲೀಡ್ ಬಿಡದೆ ಅಂಚಿನಲ್ಲಿ ಬಿಳಿ ಗೆರೆ ಉಳಿದ ಒಂದು ಪ್ರತಿ ತೋರಿಸಿದರೆ ಮರೆಯುವುದಿಲ್ಲ. ಕ್ಯಾಲೆಂಡರ್ ಮತ್ತು ಸಿನಿಮಾ ಪ್ರಚಾರಚಿತ್ರಗಳಿಂದ ಮುಂಬಯಿಯಲ್ಲಿ ಹೆಸರಾದ ಎಸ್. ಎಂ. ಪಂಡಿತರ ಊರಿದು, ಗಿರಾಕಿಗಾಗಿ ಮಾಡಿದ ಕೆಲಸವನ್ನು ತರಗತಿಗೆ ತರಲು ಇಲ್ಲಿ ಸಂಕೋಚ ಬೇಡ. ಗಿರಾಕಿಯ ಒಪ್ಪಿಗೆ ಮಾತ್ರ ಮೊದಲೇ ಪಡೆಯಿರಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಆಂತರಿಕ ಪರೀಕ್ಷೆಯ ವಾರದಲ್ಲಿ. ಸೆಮಿಸ್ಟರ್ ಕ್ಯಾಲೆಂಡರ್ ಬಂದ ದಿನವೇ ಆ ವಾರಗಳಿಗೆ ಗೆರೆ ಎಳೆದು, ಅಲ್ಲಿ ಯಾವ ಡೆಲಿವರಿಯನ್ನೂ ಇಡಬೇಡಿ. ಹೋಳಿಯ ಹೊತ್ತಿನ ಶರಣಬಸವೇಶ್ವರ ಜಾತ್ರೆ, ಯುಗಾದಿ, ಮದುವೆಗಳು ಒಂದರ ಹಿಂದೊಂದು ಬರುವಾಗ ಬ್ಯಾನರ್, ಆಮಂತ್ರಣದ ಸಣ್ಣ ಕೆಲಸಗಳು ಮುತ್ತಿಕೊಳ್ಳುತ್ತವೆ. ದೊಡ್ಡ ಕೆಲಸವಿದ್ದರೆ ಅವನ್ನು ಬೇರೆಯವರಿಗೆ ಬಿಟ್ಟುಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಂದಾಯ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ಮಾತ್ರ ಇರುವುದರಿಂದ ಸಹಿ, ಬಿಲ್ಲಿನ ಓಡಾಟ ಬೆಳಿಗ್ಗೆಯೇ ಮುಗಿಯಬೇಕು.

ಗಿರಾಕಿಯೊಂದಿಗೆ ಅರ್ಧ ಮುಂಗಡ, ಎರಡು ಸುತ್ತು ತಿದ್ದುಪಡಿ, ಮೂರನೆಯದಕ್ಕೆ ಬೇರೆ ಹಣ, ಬಾಕಿ ಬಂದ ಮೇಲೆ ಪ್ರೆಸ್ ಫೈಲ್ ಎಂದು ಬರೆದುಕೊಳ್ಳಿ. ಬಾಯಿಮಾತಿನ ‘ಸಣ್ಣ ಚೇಂಜ್’ ರಾತ್ರಿಗಳನ್ನು ತಿನ್ನುತ್ತದೆ. ನಾಳೆ ಕಾಯಂ ಹುದ್ದೆ ಸಿಕ್ಕರೆ ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಪಡೆಯಿರಿ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠವಿರುತ್ತದೆ, ಲೆಕ್ಕ ಹೊಸದಾಗಿ ಹಾಕಬೇಕು.

ಕೊನೆಯದು, ವಿದ್ಯಾರ್ಥಿಗಳು. ಗಿರಾಕಿಯ ಕೆಲಸವನ್ನು ಅಸೈನ್‌ಮೆಂಟ್ ಎಂದು ಕೊಟ್ಟು ಮಾಡಿಸಿಕೊಳ್ಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ವಿದ್ಯಾರ್ಥಿ ಬರೆದ ಚಿತ್ರದ ಹಕ್ಕು ವಿದ್ಯಾರ್ಥಿಯದೇ. ಅದು ಬೇರೆಯವರಿಗೆ ಸೇರಬೇಕಾದರೆ ಲಿಖಿತ ವರ್ಗಾವಣೆ ಬೇಕು. ಯಾರನ್ನಾದರೂ ಸೇರಿಸಿಕೊಳ್ಳುವುದಾದರೆ ಹಣವೆಷ್ಟು, ಕೆಲಸವೆಷ್ಟು, ಹೆಸರು ಎಲ್ಲಿ ಬರುತ್ತದೆ ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅದೂ ಆ ವಿದ್ಯಾರ್ಥಿಯ ಆಂತರಿಕ ಅಂಕಗಳನ್ನು ಕಚೇರಿಗೆ ಒಪ್ಪಿಸಿದ ಮೇಲೆ. ಅಂಕ ನಿಮ್ಮ ಕೈಯಲ್ಲಿರುವವರೆಗೆ ಆ ಹುಡುಗಿ ‘ಆಗಲ್ಲ ಮೇಡಂ’ ಎನ್ನಲಾರಳು.