ಹತ್ತಿಕಡ್ಡಿ ಹೆತ್ತ ಕೊಲೆಗಾರ್ತಿ

2007ರ ಏಪ್ರಿಲ್ 25. ಜರ್ಮನಿಯ ಹೈಲ್‌ಬ್ರಾನ್ ಎಂಬ ಊರು. ಮಧ್ಯಾಹ್ನದ ಹೊತ್ತು ಇಬ್ಬರು ಪೊಲೀಸರು ಊರಿನ ದೊಡ್ಡ ಮೈದಾನದ ಪಕ್ಕ ಕಾರು ನಿಲ್ಲಿಸಿಕೊಂಡು ಕೂತಿದ್ದರು. ಯಾರೋ ಹತ್ತಿರ ಬಂದು ಇಬ್ಬರ ತಲೆಗೂ ಗುಂಡು ಹೊಡೆದರು. 22 ವರ್ಷದ ಮಹಿಳಾ ಪೊಲೀಸ್ ಅಲ್ಲೇ ಸತ್ತರು. ಜೊತೆಗಿದ್ದವರು ಹೇಗೋ ಬದುಕಿದರು, ಆದರೆ ಏನಾಯಿತು ಎಂದು ಹೇಳುವಷ್ಟು ನೆನಪು ಅವರಿಗೆ ಉಳಿದಿರಲಿಲ್ಲ. ಇಬ್ಬರ ಪಿಸ್ತೂಲುಗಳೂ ಕಾಣೆಯಾಗಿದ್ದವು.

ತನಿಖೆಗೆ ಬಂದವರು ಕಾರಿನ ಒಳಗೆಲ್ಲ ಒದ್ದೆ ಮಾಡಿದ ಹತ್ತಿಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸಿದರು. ಒಬ್ಬ ಹೆಂಗಸಿನ ಡಿಎನ್‌ಎ ಸಿಕ್ಕಿತು. ಡೇಟಾಬೇಸಿನಲ್ಲಿ ಹುಡುಕಿದರೆ, ಆಕೆ ಪೊಲೀಸರಿಗೆ ಹೊಸಬಳೇನಲ್ಲ!

1993ರಲ್ಲಿ ಈಡಾರ್-ಓಬರ್‌ಸ್ಟೈನ್ ಎಂಬಲ್ಲಿ 62 ವರ್ಷದ ಮಹಿಳೆಯ ಕೊಲೆಯಾಗಿತ್ತು. ಅಲ್ಲಿನ ಟೀ ಕಪ್ಪಿನ ಮೇಲೆ ಇದೇ ಡಿಎನ್‌ಎ. 2001ರಲ್ಲಿ ಫ್ರೈಬರ್ಗ್‌ನಲ್ಲಿ ಹಳೆ ಸಾಮಾನಿನ ವ್ಯಾಪಾರಿಯೊಬ್ಬರ ಕೊಲೆ. ಅಡುಗೆಮನೆಯ ಡ್ರಾಯರಿನ ಮೇಲೆ ಇದೇ ಡಿಎನ್‌ಎ. ಹೆರಾಯಿನ್ ತುಂಬಿದ್ದ ಸಿರಿಂಜಿನ ಮೇಲೆ, ಕಳ್ಳರು ನುಗ್ಗಿದ್ದ ಕಾರವಾನಿನಲ್ಲಿ ಅರ್ಧ ತಿಂದು ಬಿಟ್ಟ ಬಿಸ್ಕತ್ತಿನ ಮೇಲೆ, ಫ್ರಾನ್ಸಿನಲ್ಲಿ ದರೋಡೆಗೆ ಬಳಸಿದ ಆಟಿಕೆ ಪಿಸ್ತೂಲಿನ ಮೇಲೆ ಕೂಡ ಅವಳೇ. ಕೊನೆಗೆ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಅಪರಾಧಗಳ ಜಾಗದಲ್ಲಿ ಅವಳ ಗುರುತು ಸಿಕ್ಕಿತು. ಪತ್ರಿಕೆಗಳು 'ಹೈಲ್‌ಬ್ರಾನಿನ ಭೂತ' ಎಂದು ಕರೆದವು, 'ಮುಖವಿಲ್ಲದ ಹೆಂಗಸು' ಎಂದೂ ಕರೆದವು. ಹಿಡಿದುಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನ ಎಂದು ಸರ್ಕಾರ ಸಾರಿತು.

ಸರಣಿ ಕೊಲೆಗಾರರ ಹಿಂದೆ ಬಿದ್ದ ಪತ್ತೇದಾರರ ಕಥೆ ಎಲ್ಲ ಭಾಷೆಯಲ್ಲೂ ಇದೆ. ನನ್ನ ಮಟ್ಟಿಗೆ ಅವುಗಳಲ್ಲಿ ಇದಕ್ಕಿಂತ ದೊಡ್ಡ ಕಥೆ ಇಲ್ಲ. ಯಾಕೆಂದರೆ ಇಲ್ಲಿ ಲ್ಯಾಬಿನ ಯಂತ್ರ ಒಂದು ಸುಳ್ಳೂ ಹೇಳಲಿಲ್ಲ. ಆ 40 ಕಡೆಯೂ ಸಿಕ್ಕಿದ್ದು ನಿಜವಾಗಿಯೂ ಒಬ್ಬಳೇ ಹೆಂಗಸಿನ ಡಿಎನ್‌ಎ. ಆದರೆ ಆಕೆ ಯಾರನ್ನೂ ಕೊಂದಿರಲಿಲ್ಲ. ಆ ಊರುಗಳಿಗೆ ಅವಳು ಹೋಗಬೇಕಾಗಿಯೂ ಇರಲಿಲ್ಲ.

ಇದು ಹೇಗೆ ಸಾಧ್ಯ ಎಂದು ಹೇಳುವ ಮೊದಲು ಲ್ಯಾಬಿನೊಳಗೆ ಹೋಗಿ ಬರಬೇಕು. ಸಿನಿಮಾದಲ್ಲಿ ಈ ಭಾಗವನ್ನು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಕಂಪ್ಯೂಟರ್ ಪರದೆ ಮೇಲೆ ಮುಖಗಳು ಸರಸರ ಓಡುತ್ತವೆ, ಬೀಪ್ ಎನ್ನುತ್ತದೆ, ಕೊಲೆಗಾರನ ಫೋಟೋ ಬರುತ್ತದೆ. ನಿಜವಾದ ಡಿಎನ್‌ಎ ವರದಿಯಲ್ಲಿ ಮುಖವೂ ಇಲ್ಲ, ಹೆಸರೂ ಇಲ್ಲ. ಇರುವುದು ಬರೀ ಅಂಕಿಗಳು.

ನಮ್ಮ ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ರಾಸಾಯನಿಕ 'ಅಕ್ಷರ'ಗಳ ಉದ್ದನೆ ಸಾಲು. ಅದರಲ್ಲಿ ಕೆಲವು ಕಡೆ ನಾಲ್ಕೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಎ-ಎ-ಟಿ-ಜಿ, ಎ-ಎ-ಟಿ-ಜಿ, ಎ-ಎ-ಟಿ-ಜಿ ಹೀಗೆ. ಎಷ್ಟು ಸಲ ಬರುತ್ತದೆ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ನಿಮಗೆ ಅಮ್ಮನಿಂದ 6 ಸಲದ ಪ್ರತಿ, ಅಪ್ಪನಿಂದ 9 ಸಲದ ಪ್ರತಿ ಬಂದಿರಬಹುದು. ಆಗ ಆ ಒಂದು ಜಾಗದಲ್ಲಿ ನಿಮ್ಮ ಗುರುತು '6, 9'. ಇದೇ ಗುರುತು ಬೇಕಾದಷ್ಟು ಜನಕ್ಕೆ ಇರುತ್ತದೆ. ಆದರೆ ಇಂಥ ಎಂಟು ಹತ್ತು ಜಾಗ ಒಟ್ಟಿಗೆ ನೋಡಿದರೆ, ಎಲ್ಲ ಅಂಕಿಗಳೂ ಹೊಂದುವ ಇನ್ನೊಬ್ಬರು ಸಿಗುವುದು ತೀರಾ ಕಷ್ಟ. ತದ್ರೂಪಿ ಅವಳಿಗಳ ಮಾತು ಬೇರೆ.

ಸಿಕ್ಕಿದ್ದು ಹೆಂಗಸಿನದ್ದು ಅಂತ ಹೇಗೆ ಗೊತ್ತಾಯಿತು? ಅದಕ್ಕೆ ಬಳಸುವುದು ಹಲ್ಲಿನ ಎನಾಮೆಲ್ ಕಟ್ಟುವ ಒಂದು ಜೀನ್. ಅದು ಎಕ್ಸ್ ಕ್ರೋಮೋಸೋಮಿನಲ್ಲೂ ಇದೆ, ವೈ ಕ್ರೋಮೋಸೋಮಿನಲ್ಲೂ ಇದೆ. ಎಕ್ಸ್‌ನಲ್ಲಿರುವ ಪ್ರತಿಯ ಒಂದು ಕಡೆ ಆರು ಅಕ್ಷರ ಕಡಿಮೆ. ಗಂಡಸರಲ್ಲಿ ಉದ್ದದ್ದೂ ಗಿಡ್ಡದ್ದೂ ಎರಡೂ ಕಾಣಿಸುತ್ತವೆ, ಹೆಂಗಸರಲ್ಲಿ ಗಿಡ್ಡದ್ದು ಮಾತ್ರ. ಬರೀ ಆರು ಅಕ್ಷರದ ವ್ಯತ್ಯಾಸದಿಂದ ಪೊಲೀಸರು ಹುಡುಕಬೇಕಾದ್ದು ಗಂಡಸನ್ನೋ ಹೆಂಗಸನ್ನೋ ಎಂದು ತೀರ್ಮಾನ ಆಗುತ್ತದೆ. ಎಷ್ಟು ಸಲ ಓದಿದರೂ ನನಗೆ ಖುಷಿ ಕೊಡುವ ವಿಷಯ ಇದು.

ಈಗ ನಿಜವಾದ ಮಂತ್ರದಂಡಕ್ಕೆ ಬರೋಣ. ಒಂದು ಜೀವಕೋಶದಲ್ಲಿ ಇರುವ ಡಿಎನ್‌ಎ ಸುಮಾರು 6 ಪಿಕೋಗ್ರಾಂ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಂ. ಟೀ ಕಪ್ಪು ಮುಟ್ಟಿ ಹೋದವರು ಬಿಟ್ಟು ಹೋಗುವುದು ಕೆಲವೇ ಕೋಶಗಳನ್ನು. ಅಷ್ಟನ್ನು ನೇರವಾಗಿ ಓದುವುದಕ್ಕೆ ಆಗುವುದಿಲ್ಲ. ಹೆಚ್ಚಿಸಬೇಕು. ಹೆಚ್ಚಿಸುವ ವಿಧಾನವೇ ಪಿಸಿಆರ್. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಈ ಹೆಸರು ಗೊತ್ತು.

ಪಿಸಿಆರ್ ಯಂತ್ರ ಮಾಡುವುದು ಬಿಸಿ ತಣಿ ಆಟ ಅಷ್ಟೇ. ಸುಮಾರು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಟ್ಟುಕೊಳ್ಳುತ್ತವೆ. ಸುಮಾರು 60ಕ್ಕೆ ತಣಿಸಿದರೆ ನಮಗೆ ಬೇಕಾದ ಜಾಗದ ಎರಡು ತುದಿಗೂ ಪ್ರೈಮರ್ ಎಂಬ ಸಣ್ಣ ತುಣುಕುಗಳು ಬಂದು ಕೂರುತ್ತವೆ. ಮತ್ತೆ 72ಕ್ಕೆ ಏರಿಸಿದರೆ ಒಂದು ಕಿಣ್ವ ಅಲ್ಲಿಂದ ಮುಂದಕ್ಕೆ ಹೊಸ ಎಳೆ ಕಟ್ಟುತ್ತದೆ. ಒಂದಿದ್ದದ್ದು ಎರಡಾಯಿತು. ಮತ್ತೊಂದು ಸುತ್ತು, ನಾಲ್ಕಾಯಿತು. 10 ಸುತ್ತಿಗೆ 1,024. 20 ಸುತ್ತಿಗೆ ಹತ್ತು ಲಕ್ಷ ದಾಟುತ್ತದೆ. ಅಪರಾಧ ಲ್ಯಾಬುಗಳಲ್ಲಿ ಸಾಮಾನ್ಯವಾದ 28 ಸುತ್ತು ಮುಗಿಯುವ ಹೊತ್ತಿಗೆ, ಲೆಕ್ಕದ ಪ್ರಕಾರ, ಒಂದು ಪ್ರತಿ 26 ಕೋಟಿಗೂ ಮೀರಿರುತ್ತದೆ.

ಇದನ್ನು 1983ರಲ್ಲಿ ಕಂಡುಹಿಡಿದ ಕೇರಿ ಮಲ್ಲಿಸ್‌ಗೆ ಹತ್ತು ವರ್ಷದಲ್ಲೇ ನೊಬೆಲ್ ಬಂತು. ಆದರೆ ಶುರುವಿನಲ್ಲಿ ದೊಡ್ಡ ತಲೆನೋವಿತ್ತು. 95 ಡಿಗ್ರಿಗೆ ಕಾಯಿಸಿದಾಗಲೆಲ್ಲ ಕಿಣ್ವ ಹಾಳಾಗುತ್ತಿತ್ತು. ಪ್ರತಿ ಸುತ್ತಿಗೂ ಹೊಸದು ಸುರಿಯಬೇಕಿತ್ತು. ಅದನ್ನು ತಪ್ಪಿಸಿದ್ದು ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನ ಬಿಸಿನೀರಿನ ಬುಗ್ಗೆಯಲ್ಲಿ ಹಾಯಾಗಿ ಬದುಕುವ ಒಂದು ಬ್ಯಾಕ್ಟೀರಿಯಾ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಅದನ್ನು ಹುಡುಕಿದ್ದರು. ಕೊಲೆ ಕೇಸು ಅವರ ಕನಸಿನಲ್ಲೂ ಇದ್ದಿರಲಾರದು. ಕುದಿಯುವಷ್ಟು ಬಿಸಿಯಲ್ಲಿ ಜೀವ ಹೇಗೆ ಇರುತ್ತದೆ ಎಂಬ ಕುತೂಹಲ ಅವರದು. ಆ ಬ್ಯಾಕ್ಟೀರಿಯಾದ ಕಿಣ್ವ ಬಿಸಿಗೆ ಜಗ್ಗುವುದಿಲ್ಲ. ಇವತ್ತು ಜಗತ್ತಿನ ಅಪರಾಧ ಲ್ಯಾಬುಗಳು ನಡೆಯುತ್ತಿರುವುದು ಆ ಜಾತಿಯ ಕಿಣ್ವದ ಮೇಲೆ.

ಇಷ್ಟು ಶಕ್ತಿಯ ಯಂತ್ರಕ್ಕೆ ಒಂದು ಗುಣ ಇಲ್ಲ. ಯಾವ ಡಿಎನ್‌ಎ ಕೊಲೆಗಾರನದ್ದು, ಯಾವುದು ಸುಮ್ನೆ ಬಂದು ಸೇರಿದ್ದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಕೊಟ್ಟದ್ದನ್ನೆಲ್ಲ ಹೆಚ್ಚಿಸುತ್ತದೆ.

ಜರ್ಮನಿಗೆ ವಾಪಸ್ ಹೋಗೋಣ. ಅಲ್ಲಿನ ಪತ್ತೇದಾರರಿಗೂ ಗೊಂದಲ ಇದ್ದೇ ಇತ್ತು. ಕೆಲವು ಕಳ್ಳತನಗಳಲ್ಲಿ ಜೊತೆಗಾರರು ಸಿಕ್ಕಿಬಿದ್ದಿದ್ದರು. ನಮ್ಮ ಜೊತೆ ಯಾವ ಹೆಂಗಸೂ ಇರಲಿಲ್ಲ ಎಂದು ಅವರು ಹೇಳಿದರೆ, ಅವಳಿಗೆ ಹೆದರಿ ಬಾಯಿ ಬಿಡುತ್ತಿಲ್ಲ ಎಂದಾಯಿತು. ಎಲ್ಲೂ ಬೆರಳಚ್ಚು ಇಲ್ಲವೇ? ಬಹಳ ಚಾಲಾಕಿ. ಕೊಲೆ ಮಾಡಿದವಳು ಚಿಲ್ಲರೆ ಕಳ್ಳತನ ಯಾಕೆ ಮಾಡುತ್ತಾಳೆ? ಡ್ರಗ್ಸ್ ಚಟ ಇರಬೇಕು. ಆಸ್ಟ್ರಿಯಾದಲ್ಲಿ ತಾಯಿಯ ಕಡೆಯಿಂದ ಬರುವ ಮೈಟೋಕಾಂಡ್ರಿಯಾದ ಡಿಎನ್‌ಎ ನೋಡಿ, ಪೂರ್ವ ಯೂರೋಪಿನ ಮೂಲದವಳಿರಬಹುದು ಎಂದರು. ಚಿತ್ರ ಇನ್ನಷ್ಟು ಗಟ್ಟಿಯಾಯಿತು. ದೆವ್ವದ ಮೇಲಿನ ನಂಬಿಕೆ ಬೆಳೆಯುವುದೂ ಹೀಗೇ ಅಲ್ವಾ? ಕಂಡರೆ ದೆವ್ವ ಇದೆ. ಕಾಣದಿದ್ದರೆ ಮಾಯವಾಗುವ ಶಕ್ತಿ ಇದೆ. ಯಾವ ಸಾಕ್ಷಿ ಬಂದರೂ ನಂಬಿಕೆ ಅಲುಗಾಡದಿದ್ದರೆ ಅದು ವಿಜ್ಞಾನ ಅಲ್ಲ, ಲ್ಯಾಬ್ ಕೋಟು ಹಾಕಿಕೊಂಡು ಮಾಡಿದರೂ ಅಲ್ಲ.

ಭೂತ ಬಿಡಿಸಿದ್ದು ಒಂದು ಬೇರೆಯೇ ಕೇಸು. ಸುಟ್ಟುಹೋದ ಒಂದು ಹೆಣದ ಗುರುತು ಹಚ್ಚಬೇಕಿತ್ತು. ವರ್ಷಗಳ ಹಿಂದೆ ಕಾಣೆಯಾದ ಒಬ್ಬ ನಿರಾಶ್ರಿತ ಗಂಡಸಿನದು ಇರಬಹುದು ಎಂಬ ಅನುಮಾನ. ಆತ ಆಶ್ರಯ ಕೋರಿ ಕೊಟ್ಟಿದ್ದ ಅರ್ಜಿಯಲ್ಲಿ ಬೆರಳಚ್ಚು ಇತ್ತು. ಅದರ ಮೇಲೆ ಹತ್ತಿಕಡ್ಡಿ ಆಡಿಸಿ ಡಿಎನ್‌ಎ ತೆಗೆದರು. ಬಂದದ್ದು ಹೈಲ್‌ಬ್ರಾನಿನ ಹೆಂಗಸಿನದು! ಗಂಡಸಿನ ಬೆರಳಚ್ಚಿನಲ್ಲಿ ಅವಳು ಹೇಗೆ ಬಂದಳು? ಇನ್ನೊಂದು ಕಡ್ಡಿಯಿಂದ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಅವಳಿಲ್ಲ. ಆಗ ಎಲ್ಲರ ಕಣ್ಣು ಕಡ್ಡಿಯ ಮೇಲೆ ಬಿತ್ತು.

2009ರ ಮಾರ್ಚ್‌ನಲ್ಲಿ ಗುಟ್ಟು ರಟ್ಟಾಯಿತು. ಆ ಡಿಎನ್‌ಎ, ಹತ್ತಿಕಡ್ಡಿ ತಯಾರಿಸಿ ಪ್ಯಾಕ್ ಮಾಡುವ ಕಡೆ ಕೆಲಸಕ್ಕಿದ್ದ ಒಬ್ಬ ಹೆಂಗಸಿನದು. ಎಲ್ಲ ಕಡ್ಡಿಗಳಲ್ಲೂ ಇರಲಿಲ್ಲ, ಅಲ್ಲೊಂದು ಇಲ್ಲೊಂದರಲ್ಲಿ ಮಾತ್ರ. ಅದಕ್ಕೇ ಇಷ್ಟು ವರ್ಷ ಹಿಡಿಯಿತು. ಪ್ರತಿ ಕಡ್ಡಿಯಲ್ಲೂ ಇದ್ದಿದ್ದರೆ ಒಂದೇ ವಾರದಲ್ಲಿ ಸಿಕ್ಕಿಬೀಳುತ್ತಿತ್ತು. ಬವೇರಿಯಾ ರಾಜ್ಯದಲ್ಲಿ ಮಾತ್ರ ಈ ಭೂತ ಕಾಣಿಸಿರಲಿಲ್ಲ. ಅಲ್ಲಿನ ಪೊಲೀಸರು ಕಡ್ಡಿ ತರಿಸುತ್ತಿದ್ದದ್ದು ಬೇರೆ ಕಡೆಯಿಂದ.

ಆ ಕಡ್ಡಿಗಳು ಸ್ಟೆರೈಲ್ ಆಗಿದ್ದವು. ಪೊಟ್ಟಣದ ಮೇಲಿನ ಆ ಮಾತು ಸುಳ್ಳಲ್ಲ. ಆದರೆ ಸ್ಟೆರೈಲ್ ಎಂದರೆ ಬದುಕಿರುವ ಕ್ರಿಮಿ ಇಲ್ಲ ಎಂದು ಮಾತ್ರ. ಹುಳ ಬಿದ್ದ ರವೆಯನ್ನು ಬಾಣಲೆಯಲ್ಲಿ ಹುರಿದರೆ ಹುಳ ಸಾಯುತ್ತದೆ. ಜರಡಿ ಹಿಡಿಯದಿದ್ದರೆ ಸತ್ತ ಹುಳ ರವೆಯಲ್ಲೇ ಉಳಿಯುತ್ತದೆ. ಕಡ್ಡಿಯ ಮೇಲೆ ಬಿದ್ದ ಚರ್ಮದ ಚೂರು, ಎಂಜಲಿನ ಹನಿಯದ್ದೂ ಅದೇ ಪಾಡು. ಗಾಯ ಒರೆಸುವುದಕ್ಕೆ ಅಂಥ ಕಡ್ಡಿ ಧಾರಾಳ ಸಾಕು. ಹತ್ತಿಪ್ಪತ್ತು ಕೋಶ ಸಿಕ್ಕಿದರೂ ಓದಿಬಿಡುವ ಪಿಸಿಆರ್‌ಗೆ ಸಾಲದು. ಈ ಕೇಸಿನ ಪಾಠದಿಂದಲೇ ಅಪರಾಧ ತನಿಖೆಯ ಸಾಮಗ್ರಿಗೆ ಬೇರೆ ಅಂತರರಾಷ್ಟ್ರೀಯ ಮಾನದಂಡ ಬೇಕು ಎಂಬ ಕೂಗು ಎದ್ದಿತು. 2016ರಲ್ಲಿ ಐಎಸ್‌ಒ 18385 ಬಂತು. ಡಿಎನ್‌ಎಯನ್ನು ಕೂಡ ಓದಲಾಗದಂತೆ ಕೆಡಿಸುವುದಕ್ಕೆ ಈಗ ಎಥಿಲಿನ್ ಆಕ್ಸೈಡ್ ಅನಿಲ ಬಳಸುತ್ತಾರೆ.

ಹಾಗಾದರೆ ಆ ಪೊಲೀಸರಿಗೆ ಗುಂಡು ಹೊಡೆದವರು ಯಾರು? ಅದು ತಿಳಿದದ್ದು 2011ರ ನವೆಂಬರ್ 4ರಂದು. ಐಸೆನಾಖ್ ಊರಿನಲ್ಲಿ ಬ್ಯಾಂಕ್ ದರೋಡೆ ಮಾಡಿ ಅಡಗಿದ್ದ ಇಬ್ಬರು ಗಂಡಸರು ಸುಟ್ಟ ಕಾರವಾನಿನಲ್ಲಿ ಹೆಣವಾಗಿ ಸಿಕ್ಕರು. ಹೈಲ್‌ಬ್ರಾನಿನಲ್ಲಿ ಕಾಣೆಯಾದ ಪೊಲೀಸ್ ಪಿಸ್ತೂಲುಗಳು ಅಲ್ಲೇ ಇದ್ದವು. ಅವರು ಎನ್‌ಎಸ್‌ಯು ಎಂಬ ನವನಾಜಿ ಗುಂಪಿನವರು. 2000ದಿಂದ 2006ರವರೆಗೆ ವಲಸೆ ಮೂಲದ ಒಂಬತ್ತು ಜನರನ್ನು ಒಂದೇ ಚೆಸ್ಕಾ ಪಿಸ್ತೂಲಿನಿಂದ ಕೊಂದಿದ್ದರು. ಎಂಟು ಜನ ಟರ್ಕಿ ಮೂಲದವರು, ಒಬ್ಬರು ಗ್ರೀಕ್. ಅಂದರೆ ಜರ್ಮನಿಯಲ್ಲಿ ಸರಣಿ ಕೊಲೆಗಾರರು ನಿಜವಾಗಿಯೂ ಇದ್ದರು. ಒಂದೇ ಪಿಸ್ತೂಲು ಎಂದು ಗುಂಡುಗಳ ಪರೀಕ್ಷೆ ಹೇಳುತ್ತಲೇ ಇತ್ತು. ಆದರೂ ತನಿಖೆ ವರ್ಷಗಟ್ಟಲೆ ಸತ್ತವರ ಮನೆಯವರನ್ನೇ ಅನುಮಾನಿಸಿತು, ಡ್ರಗ್ಸ್ ಮಾಫಿಯಾ ಎಂದು ಅಲೆಯಿತು. ನನಗೆ ಈ ಇಡೀ ಕಥೆಯಲ್ಲಿ ಸಿಟ್ಟು ಬರುವುದು ಇಲ್ಲಿ. ಕಡ್ಡಿಯದ್ದು ಕಣ್ಣಿಗೆ ಕಾಣದ ತಪ್ಪು. ಇದು ಕಣ್ಣಿದ್ದೂ ಕಾಣದ ತಪ್ಪು.

ಡಿಎನ್‌ಎ ಪರೀಕ್ಷೆಯೇ ಬೇಡ ಎನ್ನುವವರೂ ಇದ್ದಾರೆ. ಅದು ಇನ್ನೊಂದು ಅತಿ. ಇಂಗ್ಲೆಂಡಿನ ಲೆಸ್ಟರ್ ಬಳಿ ಇಬ್ಬರು ಹುಡುಗಿಯರ ಕೊಲೆಯಾದಾಗ 17 ವರ್ಷದ ಒಬ್ಬ ಹುಡುಗ ಒಂದು ಕೊಲೆಯನ್ನು ಒಪ್ಪಿಕೊಂಡುಬಿಟ್ಟಿದ್ದ. 1986ರಲ್ಲಿ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ಡಿಎನ್‌ಎ ನೋಡಿ, ಇಬ್ಬರನ್ನೂ ಕೊಂದವನು ಒಬ್ಬನೇ, ಆದರೆ ಅವನು ಈ ಹುಡುಗ ಅಲ್ಲ ಎಂದರು. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್‌ಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆ ತನಿಖೆಗೆ ಕಾಲಿಟ್ಟ ಡಿಎನ್‌ಎ ಮೊದಲು ಮಾಡಿದ್ದು ನಿರಪರಾಧಿಯನ್ನು ಬಿಡಿಸುವ ಕೆಲಸ.

ಆದರೆ ಡಿಎನ್‌ಎ 'ಯಾರದು' ಎನ್ನುವುದಕ್ಕೆ ಉತ್ತರ ಕೊಡುತ್ತದೆ. 'ಹೇಗೆ ಬಂತು, ಯಾವಾಗ ಬಂತು' ಎನ್ನುವುದಕ್ಕೆ ಕೊಡುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾರತ ಮೂಲದ ಶ್ರೀಮಂತ ಉದ್ಯಮಿಯೊಬ್ಬರ ಕೊಲೆಯಾಯಿತು. ಅವರ ಉಗುರಿನಲ್ಲಿ ಸಿಕ್ಕ ಡಿಎನ್‌ಎ ಒಬ್ಬ ಮನೆಯಿಲ್ಲದ ಬಡವನದು. ಅವನು ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ಆಮೇಲೆ ನೋಡಿದರೆ, ಕೊಲೆಯಾದ ರಾತ್ರಿ ಅವನು ಕುಡಿದು ಬಿದ್ದು ಆಸ್ಪತ್ರೆಯಲ್ಲಿದ್ದ. ಅವನನ್ನು ನೋಡಿಕೊಂಡ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆ ಬಿಟ್ಟು ಕೊಲೆ ನಡೆದ ಮನೆಗೂ ಹೋಗಿದ್ದರು. ಇಬ್ಬರ ಬೆರಳಿಗೂ ಸಿಕ್ಕಿಸಿದ ಆಕ್ಸಿಮೀಟರ್ ಡಿಎನ್‌ಎಯನ್ನು ಹೊತ್ತು ತಂದಿರಬೇಕು ಎಂದು ತೀರ್ಮಾನಿಸಿದರು.

ಫ್ರಾನ್ಸಿನ ಲಿಯಾನ್‌ನಲ್ಲಿ 1910ರಲ್ಲೇ ಪೊಲೀಸ್ ಲ್ಯಾಬ್ ಕಟ್ಟಿದ ಎಡ್ಮಂಡ್ ಲೊಕಾರ್ಡ್ ಹೇಳಿಕೊಟ್ಟ ತತ್ವ ಇವತ್ತಿಗೂ ಈ ವಿದ್ಯೆಯ ಬುಡ. ಎರಡು ವಸ್ತು ಮುಟ್ಟಿದರೆ ಒಂದರದ್ದು ಇನ್ನೊಂದಕ್ಕೆ ಅಂಟುತ್ತದೆ. ಹೈಲ್‌ಬ್ರಾನಿನಲ್ಲಿ ಮರೆತದ್ದು, ಹುಡುಕುವ ಕಡ್ಡಿಯೂ ಮುಟ್ಟುವ ವಸ್ತುವೇ ಎಂಬುದನ್ನು.

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಇದನ್ನು ಪೂರ್ತಿ ಜಾರಿ ಮಾಡುವುದಕ್ಕೆ ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಇದೆ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ಥರದ ಲ್ಯಾಬುಗಳಿಗೆ ಕಡ್ಡಿಗಳು ಇನ್ನು ಜಾಸ್ತಿಯೇ ಬರುತ್ತವೆ. ಹಾಗಾಗಿ 'ಡಿಎನ್‌ಎ ಹೊಂದಿಕೆಯಾಗಿದೆ' ಎಂಬ ಸುದ್ದಿ ಓದಿದಾಗ ವಕೀಲರೂ ಪತ್ರಕರ್ತರೂ ಕೇಳಬೇಕಾದ ಪ್ರಶ್ನೆಗಳಿವೆ. ಮಾದರಿ ತೆಗೆದದ್ದು ಯಾವ ಜಾಗದಿಂದ, ರಕ್ತದಿಂದಲೋ ಮುಟ್ಟಿದ ಗುರುತಿನಿಂದಲೋ? ಕಡ್ಡಿ ಬರೀ ಸ್ಟೆರೈಲೋ, ಡಿಎನ್‌ಎ ಇಲ್ಲದ್ದು ಎಂದು ಖಾತ್ರಿ ಮಾಡಿದ್ದೋ? ಸ್ಥಳಕ್ಕೆ ಬಂದ ಪೊಲೀಸರ, ಲ್ಯಾಬ್ ಸಿಬ್ಬಂದಿಯ ಡಿಎನ್‌ಎ ಜೊತೆ ಹೋಲಿಸಿ ನೋಡಿದ್ದಾರಾ? ಅದೇ ಪೆಟ್ಟಿಗೆಯ ಒಂದು ಖಾಲಿ ಕಡ್ಡಿಯನ್ನೂ ಯಂತ್ರಕ್ಕೆ ಹಾಕಿದ್ದಾರಾ?